ಸಿಸಿ ಲೆಕ್ಕದ ಪಂಕ್ತಿಭೇದ

ಮೋಟರ್‌ಸೈಕಲ್ ಕ್ಲಬ್ಬಿನ ಗ್ರೂಪ್ ರೈಡ್‌ಗೆ ಹೊಸಬರೊಬ್ಬರು ಬಂದು ನಿಂತಾಗ ಅವರ ಹೆಸರನ್ನಾಗಲಿ, ಅನುಭವವನ್ನಾಗಲಿ, ಅವರ ಬ್ರೇಕು ಟೈರುಗಳ ಯೋಗಕ್ಷೇಮವನ್ನಾಗಲಿ ಮೊದಲು ವಿಚಾರಿಸುವ ಪದ್ಧತಿ ಇಲ್ಲ. ಮೊದಲ ಪ್ರಶ್ನೆ "ಎಷ್ಟು ಸಿಸಿ?" ಎಂಬುದೇ. ಎಂಜಿನ್ನಿನ ಪಿಸ್ಟನ್‌ಗಳು ತಮ್ಮ ಸಿಲಿಂಡರ್‌ಗಳೊಳಗೆ ಒಂದು ತುದಿಯಿಂದ ಇನ್ನೊಂದು ತುದಿಗೆ ಚಲಿಸುವಾಗ ಒಟ್ಟು ಎಷ್ಟು ಘನ ಸೆಂಟಿಮೀಟರ್ ಜಾಗವನ್ನು ಹಾದುಹೋಗುತ್ತವೆ ಎಂಬುದಷ್ಟೇ ಈ ಅಳತೆಯ ಅರ್ಥ. ಎಂಜಿನಿಯರುಗಳು ಇದನ್ನು ಎಂಜಿನ್ನಿನ ಗಾತ್ರ ತಿಳಿಯಲು ಬಳಸುತ್ತಾರೆ, ಕ್ಲಬ್ಬುಗಳು ಸವಾರನ ಗಾತ್ರ ತಿಳಿಯಲು ಬಳಸುತ್ತವೆ. ಉತ್ತರ ಮೂರಂಕಿಯದಾಗಿದ್ದು, ಅದರ ಮೊದಲ ಅಂಕಿ ಒಂದೋ ಎರಡೋ ಆಗಿದ್ದರೆ, ಕೇಳಿದವರ ಮುಖದಲ್ಲಿ ಒಂದು ವಿಶಿಷ್ಟವಾದ ಕರುಣೆ ಮೂಡುತ್ತದೆ. "ಪರವಾಗಿಲ್ಲ, ಕಲಿಯುವುದಕ್ಕೆ ಒಳ್ಳೆಯ ಗಾಡಿ" ಎಂಬ ಸಾಂತ್ವನದ ನುಡಿ ಅದರ ಬೆನ್ನಿಗೇ ಬರುತ್ತದೆ. ಎದುರಿಗೆ ನಿಂತಿರುವವರು ಇಪ್ಪತ್ತು ವರ್ಷಗಳಿಂದ ಅಪಘಾತವಿಲ್ಲದೆ ಬೈಕ್ ಓಡಿಸುತ್ತಿರುವವರಾದರೂ, ಸಾಂತ್ವನ ಹೇಳುತ್ತಿರುವವರು ಕಳೆದ ತಿಂಗಳಷ್ಟೇ ಶೋರೂಮಿನಿಂದ ಹೊರಬಂದವರಾದರೂ, ಈ ಕರುಣೆ ಹರಿಯುವ ದಿಕ್ಕು ಬದಲಾಗುವುದಿಲ್ಲ.

ಈ ಏಣಿಗೆ ತುದಿ ಎಲ್ಲಿದೆ ಎಂದು ಕೇಳಬಾರದು. 350ರವರು 150ರವರನ್ನು ಕಂಡು ಮರುಗುತ್ತಾರೆ, 650ರವರು 350ರವರನ್ನು ಸಹಿಸಿಕೊಳ್ಳುತ್ತಾರೆ, ಸಾವಿರ ದಾಟಿದವರು ಈ ಇಬ್ಬರ ನಡುವಿನ ವ್ಯತ್ಯಾಸವನ್ನು ಗಮನಿಸುವುದೇ ಇಲ್ಲ. ಆ ಸಾವಿರದವರ ಪಕ್ಕದಲ್ಲಿ ಒಂದು ದಿನ 2458 ಸಿಸಿಯ ಟ್ರಯಂಫ್ ರಾಕೆಟ್ 3 ಬಂದು ನಿಂತರೆ ಅವರೂ ತಮ್ಮ ಗಾಡಿಯ ಮೈಲೇಜಿನ ಬಗ್ಗೆ ಮಾತನಾಡಲು ಆರಂಭಿಸುತ್ತಾರೆ. ರಾಕೆಟ್‌ನ ಮೂರು ಸಿಲಿಂಡರುಗಳಲ್ಲಿ ಒಂದೊಂದೇ 819 ಸಿಸಿಯಷ್ಟಿರುವುದರಿಂದ, ಅದರ ಮಾಲೀಕರು ತಮ್ಮ ಎರಡು ಸಿಲಿಂಡರುಗಳನ್ನು ಮನೆಯಲ್ಲೇ ಬಿಟ್ಟು ಬಂದರೂ ಬಹುಪಾಲು ಕ್ಲಬ್ಬುಗಳ ಸದಸ್ಯತ್ವಕ್ಕೆ ಅರ್ಹರಾಗಿಯೇ ಉಳಿಯುತ್ತಾರೆ.

ಅನೇಕ ಕ್ಲಬ್ಬುಗಳು ಸದಸ್ಯತ್ವಕ್ಕೆ ಕನಿಷ್ಠ ಸಿಸಿಯನ್ನು ಗೊತ್ತುಮಾಡಿರುವುದು ಎಲ್ಲರಿಗೂ ತಿಳಿದದ್ದೇ. ಅವುಗಳ ಬಗ್ಗೆ ನನಗೆ ದೂರಿಲ್ಲ. ಬಾಗಿಲಲ್ಲೇ ಬೇಡ ಎಂದುಬಿಟ್ಟರೆ ಬಂದವರು ಪೆಟ್ರೋಲು ಉಳಿಸಿಕೊಂಡು ಮನೆಗೆ ಹಿಂದಿರುಗಬಹುದು. ಇಲ್ಲಿನ ವಿಚಾರ "ಎಲ್ಲ ಬೈಕುಗಳಿಗೂ ಸ್ವಾಗತ" ಎಂದು ದೊಡ್ಡ ಮನಸ್ಸಿನಿಂದ ಸಾರುವ ಕ್ಲಬ್ಬುಗಳದು. ಅಲ್ಲಿ ಸ್ವಾಗತವೇನೋ ಇದೆ, ಆದರೆ ಸಾಲಿನ ತೀರಾ ಕೊನೆಯಲ್ಲಿ. "ನೀವು ಹಿಂದೆ ಇರಿ, ಆರಾಮವಾಗಿ ನಿಮ್ಮ ವೇಗದಲ್ಲಿ ಬನ್ನಿ" ಎಂದು ಬ್ರೀಫಿಂಗ್‌ನಲ್ಲಿ ಹೇಳಿ, ಚಿಕ್ಕ ಬೈಕನ್ನು ಹದಿನೈದನೆಯದಾಗಿ ನಿಲ್ಲಿಸಿ, ಅದರ ಹಿಂದೆ ಗುಂಪಿನ ಬಾಲ ಕಾಯುವ ಸ್ವೀಪ್ ಸವಾರರೊಬ್ಬರನ್ನು ಬೇಸರದಿಂದ ನೇಮಿಸಲಾಗುತ್ತದೆ. ಕೇಳುವುದಕ್ಕೆ ಇದಕ್ಕಿಂತ ನ್ಯಾಯವಾದ ಏರ್ಪಾಡು ಇನ್ನೊಂದಿಲ್ಲ. ನಿಧಾನದವರು ಹಿಂದೆ, ವೇಗದವರು ಮುಂದೆ.

ತೊಡಕಿರುವುದು ಇಷ್ಟರಲ್ಲೇ: ಗುಂಪಿನ ಸವಾರಿಯಲ್ಲಿ ಅತಿ ವೇಗವಾಗಿ ಹೋಗಬೇಕಾದವರು ಕೊನೆಯವರೇ ಆಗಿರುತ್ತಾರೆ. ಮುಂದಾಳು ತಿರುವಿನಿಂದ ಹೊರಬಂದು ಥ್ರಾಟಲ್ ತಿರುಗಿಸುವ ಹೊತ್ತಿಗೆ ಹದಿನೈದನೆಯವರು ಇನ್ನೂ ತಿರುವಿನ ಆಚೆ ಬದಿಯಲ್ಲಿ ಬ್ರೇಕ್ ಒತ್ತಿ ಕುಳಿತಿರುತ್ತಾರೆ. ನಡುವಿನ ಪ್ರತಿಯೊಬ್ಬರೂ ತಮ್ಮ ಮುಂದಿನವರು ಹೊರಟ ಮೇಲೆ ಕೊಂಚ ತಡೆದೇ ಹೊರಡುವುದರಿಂದ ಆ ತಡಗಳೆಲ್ಲ ಒಂದಕ್ಕೊಂದು ಕೂಡಿಕೊಂಡು ಕೊನೆಯವರ ಪಾಲಿಗೆ ಬಡ್ಡಿ ಸಮೇತ ಬರುತ್ತವೆ. ಬಲ್ಲವರು ಇದನ್ನು ರಬ್ಬರ್ ಬ್ಯಾಂಡ್ ಪರಿಣಾಮ ಎನ್ನುತ್ತಾರೆ. ಗುಂಪು ಗಂಟೆಗೆ 90 ಕಿ.ಮೀ. ವೇಗದಲ್ಲಿ ಸಾಗುತ್ತಿದೆ, ಕೊನೆಯವರು 200 ಮೀಟರ್ ಹಿಂದೆ ಬಿದ್ದಿದ್ದಾರೆ ಎಂದುಕೊಳ್ಳೋಣ. ಅವರದು 110ರಲ್ಲಿ ಹೋಗಬಲ್ಲ ಬೈಕಾದರೆ ಆ ಅಂತರವನ್ನು ಮುಚ್ಚಲು 36 ಸೆಕೆಂಡ್ ಬೇಕು. ಚಿಕ್ಕ ಬೈಕು ಉಸಿರು ಬಿಗಿಹಿಡಿದು 100ಕ್ಕೆ ಏರಿದರೆ 72 ಸೆಕೆಂಡ್ ಬೇಕು, ಅಂದರೆ ಸರಿಯಾಗಿ ಎರಡು ಕಿಲೋಮೀಟರ್ ದೂರ ಥ್ರಾಟಲನ್ನು ಪೂರ್ತಿ ತಿರುಗಿಸಿ ಹಿಡಿದಿರಬೇಕು. ಎರಡು ಕಿಲೋಮೀಟರ್ ಮುಗಿಯುವ ಮೊದಲೇ ಇನ್ನೊಂದು ತಿರುವು ಬರುವುದರಿಂದ ಲೆಕ್ಕ ಪುನಃ ಮೊದಲಿನಿಂದ ಆರಂಭವಾಗುತ್ತದೆ. ಹೀಗೆ ಇಡೀ ಸಾಲಿನಲ್ಲಿ ಅತ್ಯಂತ ಕಡಿಮೆ ಶಕ್ತಿಯ ಯಂತ್ರವನ್ನು ಅತ್ಯಂತ ಹೆಚ್ಚು ಶಕ್ತಿ ಬೇಕಾಗುವ ಜಾಗದಲ್ಲಿ ಆರಿಸಿ ನಿಲ್ಲಿಸಿ, ಮಧ್ಯಾಹ್ನದ ವಿರಾಮದಲ್ಲಿ "ನೋಡಿ, ಚಿಕ್ಕ ಬೈಕಿಗೆ ಇದೆಲ್ಲ ಆಗುವುದಿಲ್ಲ" ಎಂಬ ಸಂಶೋಧನಾ ಫಲಿತಾಂಶವನ್ನು ಪ್ರಕಟಿಸಲಾಗುತ್ತದೆ. ಪ್ರಯೋಗವನ್ನು ಇಷ್ಟು ಅಚ್ಚುಕಟ್ಟಾಗಿ ಸಿದ್ಧಪಡಿಸಿದ ಮೇಲೆ ಫಲಿತಾಂಶ ಬೇರೆ ಬಂದೀತಾದರೂ ಹೇಗೆ?

ಇದನ್ನು ಯಾರೂ ಇದುವರೆಗೆ ಗಮನಿಸಿಲ್ಲ ಎಂದಲ್ಲ. ಅಮೆರಿಕದಲ್ಲಿ 1973ರಲ್ಲಿ ಸ್ಥಾಪನೆಯಾದ ಮೋಟರ್‌ಸೈಕಲ್ ಸೇಫ್ಟಿ ಫೌಂಡೇಶನ್ ಸವಾರರಿಗಾಗಿ ರೂಪಿಸಿದ ಮಾರ್ಗದರ್ಶನದಲ್ಲಿ, ಗುಂಪು ಐದರಿಂದ ಏಳು ಜನರಷ್ಟಿದ್ದರೆ ಒಳ್ಳೆಯದು, ಅನುಭವ ಕಡಿಮೆ ಇರುವವರನ್ನು ಮುಂದಾಳುವಿನ ಬೆನ್ನ ಹಿಂದೆಯೇ ಇರಿಸಬೇಕು, ಗುಂಪಿನ ವೇಗವನ್ನು ಕೊನೆಯವರು ನಿರ್ಧರಿಸಬೇಕು, ಪ್ರತಿಯೊಬ್ಬರೂ ಕನ್ನಡಿಯಲ್ಲಿ ತಮ್ಮ ಹಿಂದಿನವರನ್ನು ನೋಡಿಕೊಳ್ಳುತ್ತಿರಬೇಕು ಎಂಬ ಮಾತುಗಳಿವೆ. ಒಂದೇ ಪಥದಲ್ಲಿ ಎಡಬಲವಾಗಿ ಓರೆ ಸಾಲಿನಲ್ಲಿ ಸಾಗುವಾಗ ಪಕ್ಕದ ಸಾಲಿನ ಮುಂದಿನವರಿಂದ ಒಂದು ಸೆಕೆಂಡ್, ನೇರ ಮುಂದಿರುವವರಿಂದ ಎರಡು ಸೆಕೆಂಡ್ ಅಂತರ ಇರಬೇಕೆಂಬುದೂ, ತಿರುವುಗಳಲ್ಲಿ ಒಬ್ಬರ ಹಿಂದೊಬ್ಬರು ಸಾಗಬೇಕೆಂಬುದೂ ಅದರಲ್ಲೇ ಇದೆ. ಕ್ಲಬ್ಬುಗಳು ಈ ಪೈಕಿ ಓರೆ ಸಾಲಿನ ವಿಷಯವನ್ನು ಅತ್ಯಂತ ಶ್ರದ್ಧೆಯಿಂದ ಪಾಲಿಸುತ್ತವೆ, ಏಕೆಂದರೆ ಅದು ವೀಡಿಯೊದಲ್ಲಿ ಚೆನ್ನಾಗಿ ಕಾಣುತ್ತದೆ. ಹಿಂದಿನವರನ್ನು ಕಾಯುವುದು ಯಾವ ವೀಡಿಯೊದಲ್ಲೂ ಕಾಣುವಂಥದ್ದಲ್ಲ. ಇನ್ನು ಕನ್ನಡಿಯ ವಿಚಾರ ಹೇಳುವುದಾದರೆ, ದೊಡ್ಡ ಗಾಡಿಗಳ ಮೇಲೆ ಅಂದಕ್ಕಾಗಿ ಅದನ್ನು ಎಷ್ಟು ಕಿರಿದಾಗಿಸಲಾಗಿದೆ ಎಂದರೆ ಅದರಲ್ಲಿ ಸವಾರರ ಸ್ವಂತ ಮೊಣಕೈಯನ್ನು ಬಿಟ್ಟು ಬೇರೇನೂ ಹಿಡಿಸುವುದಿಲ್ಲ.

"ಹಾಗಾದರೆ ನಾವೆಲ್ಲ ಅವರಿಗಾಗಿ ನಿಧಾನವಾಗಿ ಹೋಗಬೇಕೇ?" ಎಂಬುದು ಇದಕ್ಕೆ ಬರುವ ಮೊದಲ ಆಕ್ಷೇಪ. ಪ್ರಶ್ನೆ ಗಂಭೀರವಾದದ್ದು, ಉತ್ತರವನ್ನು ಭೌತಶಾಸ್ತ್ರದಿಂದಲೇ ಕೇಳೋಣ. ಗಾಳಿಯನ್ನು ಸೀಳಲು ಬೇಕಾಗುವ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ, ಅಂದರೆ ವೇಗ ಎರಡರಷ್ಟಾದರೆ ಶಕ್ತಿ ಎಂಟರಷ್ಟು ಬೇಕು. ಆದರೆ ಸಮತಟ್ಟಾದ ರಸ್ತೆಯಲ್ಲಿ ಸವಾರನೊಬ್ಬನನ್ನು ಹೊತ್ತ ಸಾಮಾನ್ಯ ಬೈಕು ಗಂಟೆಗೆ 90 ಕಿ.ಮೀ. ವೇಗವನ್ನು ಕಾಯ್ದುಕೊಳ್ಳಲು ಸುಮಾರು ಹತ್ತು ಅಶ್ವಶಕ್ತಿ ಸಾಕು. 150 ಸಿಸಿಯ ಯಂತ್ರವೂ ಇದನ್ನು ಗೊಣಗದೆ ಒದಗಿಸುತ್ತದೆ. ನೂರು ಅಶ್ವಶಕ್ತಿಯ ಗಾಡಿಯೂ ಆ ವೇಗದಲ್ಲಿ ದುಡಿಸಿಕೊಳ್ಳುವುದು ಹತ್ತು ಹನ್ನೆರಡನ್ನೇ. ಉಳಿದ ಕುದುರೆಗಳು ಲಾಯದಲ್ಲಿ ನಿಂತು ಮಾಲೀಕರ ಪ್ರತಿಷ್ಠೆಯನ್ನು ಮೆಲ್ಲುತ್ತಿರುತ್ತವೆ. ಕಾನೂನಿನ ವೇಗಮಿತಿಯೊಳಗೆ ಸಾಗುವ ಸವಾರಿಯಲ್ಲಿ ದೊಡ್ಡ ಎಂಜಿನ್ನು ಚಿಕ್ಕದನ್ನು ಬಿಟ್ಟು ಮುಂದೆ ಹೋಗುವುದು ಏರಿನಲ್ಲಿ, ಎದುರುಗಾಳಿಯಲ್ಲಿ ಮತ್ತು ಲಾರಿಯನ್ನು ಹಿಂದಿಕ್ಕುವಾಗ ಮಾತ್ರ. ಉಳಿದೆಡೆ ಹಾಗಾಗುತ್ತಿದ್ದರೆ ಮಿತಿ ಎಲ್ಲಿ ಮುರಿಯುತ್ತಿದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾಲದ ಲೆಕ್ಕವೂ ಹೀಗೆಯೇ. 200 ಕಿಲೋಮೀಟರ್ ದಾರಿಯನ್ನು 100ರಲ್ಲಿ ಕ್ರಮಿಸಿದರೆ ಎರಡು ಗಂಟೆ, 80ರಲ್ಲಿ ಕ್ರಮಿಸಿದರೆ ಎರಡೂವರೆ ಗಂಟೆ. ಚಿಕ್ಕ ಬೈಕಿನಿಂದ ಇಡೀ ಕ್ಲಬ್ಬಿಗೆ ಆಗುವ ಘೋರ ನಷ್ಟ ಅರ್ಧ ಗಂಟೆ. ಇದೇ ದಾರಿಯಲ್ಲಿ, ಕಡಲೆಕಾಯಿಯಷ್ಟೇ ಗಾತ್ರದ ಟ್ಯಾಂಕುಳ್ಳ, ಕಾಲು ಮುಂದೆ ಚಾಚಿ ಕೂರುವ ಭಾರಿ ಬೈಕುಗಳಾದ ಕ್ರೂಸರುಗಳಿಗೆ ಪೆಟ್ರೋಲು ಹಾಕಿಸಲು ಒಂದು ನಿಲುಗಡೆ, ಆ ಕ್ರೂಸರುಗಳ ಸವಾರರ ಸೊಂಟ ನೇರವಾಗಲು ಒಂದು ನಿಲುಗಡೆ, ಎಲ್ಲ ಗಾಡಿಗಳನ್ನೂ ಒಂದೇ ಕೋನದಲ್ಲಿ ನಿಲ್ಲಿಸಿ ಛಾಯಾಚಿತ್ರ ತೆಗೆಯಲು ಒಂದು, ಆ ಛಾಯಾಚಿತ್ರದಲ್ಲಿ ಬಿಸಿಲು ಎದುರಾದುದರಿಂದ ಮತ್ತೊಮ್ಮೆ ತೆಗೆಯಲು ಇನ್ನೊಂದು. ಲೀಟರಿಗೆ ನಲವತ್ತಕ್ಕೂ ಹೆಚ್ಚು ಕಿಲೋಮೀಟರ್ ಓಡುವ ಚಿಕ್ಕ ಬೈಕು ಬೆಳಗ್ಗೆ ತುಂಬಿಸಿದ ಟ್ಯಾಂಕಿನಲ್ಲೇ ಸಂಜೆ ಮನೆ ಸೇರುತ್ತದೆ. ಪೆಟ್ರೋಲ್ ಪಂಪಿನ ಪ್ರತಿ ಸಾಲಿನಲ್ಲೂ ಅದರ ಸವಾರ ಹೆಲ್ಮೆಟ್ ಹಿಡಿದು ಪಕ್ಕದಲ್ಲಿ ನಿಂತಿರುತ್ತಾನೆ, "ನಿಮ್ಮಿಂದ ತಡವಾಯಿತು" ಎಂಬ ಮಾತನ್ನು ಕೇಳಿಸಿಕೊಳ್ಳುವುದಕ್ಕೆ.

ಕ್ಲಬ್ಬುಗಳು ಯಾರ ಲಾಂಛನವನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತವೆಯೋ ಅವರೇ ಇಂದು ಅರ್ಜಿ ಹಾಕಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದರೆ ಇನ್ನಷ್ಟು ಮೋಜೆನಿಸುತ್ತದೆ. 1901ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ವಿಲಿಯಂ ಹಾರ್ಲೆ ನಕ್ಷೆ ಬರೆದ ಮೊದಲ ಎಂಜಿನ್ನು 116 ಸಿಸಿಯದು. ಸೈಕಲ್ಲಿಗೆ ಜೋಡಿಸಿದ ಆ ಯಂತ್ರಕ್ಕೆ ಪೆಡಲ್ ತುಳಿಯದೆ ಊರಿನ ದಿಬ್ಬಗಳನ್ನು ಹತ್ತಲಾಗಲಿಲ್ಲವಾದ್ದರಿಂದ ಅವರು ಮತ್ತು ಡೇವಿಡ್ಸನ್ ಸಹೋದರರು ಅದನ್ನು ಕೈಬಿಟ್ಟು ದೊಡ್ಡ ಎಂಜಿನ್ನಿಗೆ ಹೊರಳಿದರು. ದೊಡ್ಡದೇ ಬೇಕೆನ್ನುವವರಿಗೆ ಇದೊಂದು ಪುರಾವೆ, ಒಪ್ಪಿಕೊಳ್ಳೋಣ. ಆದರೆ ಅವರು ಕಟ್ಟಿದ ಹಾರ್ಲೆ-ಡೇವಿಡ್ಸನ್ ಕಂಪನಿಯೇ ಎರಡನೆಯ ಮಹಾಯುದ್ಧದ ನಂತರ ಜರ್ಮನಿಯ ಡಿಕೆಡಬ್ಲ್ಯೂ ಕಂಪನಿಯ ವಿನ್ಯಾಸವನ್ನು ಆಧರಿಸಿ 125 ಸಿಸಿಯ ಬೈಕನ್ನು ತನ್ನ ಹೆಸರಿನಲ್ಲೇ ಮಾರಿತು. ಅದನ್ನು ಇಂದು ಹೊರತಂದರೆ ಪ್ರದರ್ಶನದಲ್ಲಿ ಹಾರ ಹಾಕುತ್ತಾರೆ, ರೈಡಿನಲ್ಲಿ ಹದಿನೈದನೆಯ ಜಾಗಕ್ಕೆ ಕಳಿಸುತ್ತಾರೆ.

ಸ್ಪೇನಿನ ಮೋಟರ್‌ಸೈಕಲ್ ರೇಸರ್ ಆಂಖೆಲ್ ನಿಯೆಟೊ ಅವರ ಅರ್ಜಿಯಂತೂ ಮೊದಲ ಸುತ್ತಿನಲ್ಲೇ ತಿರಸ್ಕೃತವಾಗುವುದು ಖಚಿತ. 1969ರಿಂದ 1984ರ ನಡುವೆ ಅವರು ಗೆದ್ದ ವಿಶ್ವ ಚಾಂಪಿಯನ್ ಪಟ್ಟಗಳು ಹದಿಮೂರು. ಆರು 50 ಸಿಸಿ ವರ್ಗದಲ್ಲಿ, ಏಳು 125 ಸಿಸಿ ವರ್ಗದಲ್ಲಿ. ಹದಿಮೂರು ಎನ್ನುವುದು ಅಶುಭವೆಂದು ಅವರು ಅದನ್ನು "ಹನ್ನೆರಡು ಮತ್ತು ಒಂದು" ಎಂದೇ ಹೇಳುತ್ತಿದ್ದರು. ಅಷ್ಟು ಪಟ್ಟಗಳನ್ನು ಹೊತ್ತು ಬಂದರೂ ಕ್ಲಬ್ಬಿನ ಹಿರಿಯರೊಬ್ಬರು ಅವರ ಭುಜ ತಟ್ಟಿ "ದೊಡ್ಡದಕ್ಕೆ ಯಾವಾಗ ಅಪ್‌ಗ್ರೇಡ್ ಆಗುತ್ತೀರಿ?" ಎಂದು ಕೇಳದೆ ಬಿಡುತ್ತಿರಲಿಲ್ಲ. 1958ರಲ್ಲಿ 49 ಸಿಸಿಯೊಂದಿಗೆ ಹುಟ್ಟಿ, 2017ರ ಹೊತ್ತಿಗೆ ತಯಾರಿಕೆಯಲ್ಲಿ ಹತ್ತು ಕೋಟಿಯ ಸಂಖ್ಯೆ ಮುಟ್ಟಿದ ಹೋಂಡಾ ಸೂಪರ್ ಕಬ್ ಕೂಡ ಈ ತೀರ್ಪಿನ ಪ್ರಕಾರ ಇನ್ನೂ ಬೈಕಾಗಿಲ್ಲ. ಅಂಥ ಐವತ್ತನ್ನು ಒಟ್ಟುಗೂಡಿಸಿದರೂ ಒಂದು ರಾಕೆಟ್ 3ಕ್ಕೆ ಎಂಟು ಸಿಸಿ ಕಡಿಮೆ ಬೀಳುತ್ತದೆ.

ಚಿಕ್ಕ ಬೈಕಿನವರೆಲ್ಲ ಸಂತರು ಎಂದು ನಾನು ವಾದಿಸುತ್ತಿಲ್ಲ. ತಾನೂ ಕಡಿಮೆಯಲ್ಲ ಎಂದು ತೋರಿಸುವುದಕ್ಕಾಗಿ ಇಳಿಜಾರಿನಲ್ಲಿ ಟ್ಯಾಂಕಿನ ಮೇಲೆ ಮಲಗಿ, ಕುರುಡು ತಿರುವಿನಲ್ಲಿ ಎರಡು ಕ್ರೂಸರುಗಳನ್ನು ಹಿಂದಿಕ್ಕಿ, ಮುಂದಿನ ಏರಿನಲ್ಲಿ ಅವೆರಡಕ್ಕೂ ಅಡ್ಡವಾಗಿ ನಿಧಾನಿಸುವ ವೀರರು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ. ಅಂಥವರನ್ನು ಬೈಯುವವರ ಜೊತೆ ನನ್ನದೂ ಒಂದು ದನಿಯಿದೆ. ಕೆಲವು ದಾರಿಗಳು ನಿಜಕ್ಕೂ ಚಿಕ್ಕ ಬೈಕಿನವಲ್ಲ. ಜಪಾನಿನ ಎಕ್ಸ್‌ಪ್ರೆಸ್‌ವೇಗಳಿಗೆ 125 ಸಿಸಿ ಮತ್ತು ಅದಕ್ಕಿಂತ ಚಿಕ್ಕ ಬೈಕುಗಳಿಗೆ ಕಾನೂನಿನಲ್ಲೇ ಪ್ರವೇಶವಿಲ್ಲ. ಅಂಥ ದಾರಿಯಲ್ಲಿ ಸವಾರಿ ಇದ್ದರೆ ಮೊದಲೇ ತಿಳಿಸುವುದು ಸೌಜನ್ಯ. ಆದರೆ ತಿರುವುಗಳೇ ತುಂಬಿದ ಬೆಟ್ಟದ ದಾರಿಯನ್ನು ಆರಿಸಿಕೊಂಡು, 130 ಕಿಲೋ ತೂಕದ ಬೈಕು ಅಲ್ಲಿ ಹಿಂದುಳಿಯುತ್ತದೆ ಎಂದು 350 ಕಿಲೋ ಮೀರಿದ ಬೈಕಿನ ಮೇಲೆ ಕುಳಿತವರು ಕಳವಳಪಡುವುದನ್ನು ಕಂಡಾಗ ನಗು ತಡೆಯುವುದು ಕಷ್ಟ. ಆ ಬೆಟ್ಟದ ಮೇಲೆ ದಾರಿ ತಪ್ಪಿ ಇಕ್ಕಟ್ಟಿನಲ್ಲಿ ಹಿಂತಿರುಗಬೇಕಾದಾಗ, ಪುಟ್ಟ ಬೈಕು ಒಂದೇ ಸುತ್ತಿಗೆ ತಿರುಗಿ ನಿಂತಿರುತ್ತದೆ. ದೊಡ್ಡದು ಅರ್ಧ ತಿರುಗಿ ಮೆಲ್ಲನೆ ಪಕ್ಕಕ್ಕೆ ಒರಗುತ್ತದೆ, ಅದನ್ನು ಎತ್ತಲು ಮೂವರು ಬೇಕಾಗುತ್ತದೆ, ಆ ಮೂವರಲ್ಲಿ ಒಬ್ಬರು ಹದಿನೈದನೆಯವರಾಗಿರುತ್ತಾರೆ. ಎತ್ತುವಾಗ ಸಿಸಿ ಕೇಳುವವರಿಲ್ಲ.

ಹೀಗೆ ಹಿಂದೆ ಬಿದ್ದವರನ್ನು ಬಿಡದೆ, ಮುಂದಿನವರನ್ನು ಕಟ್ಟಿಹಾಕದೆ ಗುಂಪನ್ನು ನಡೆಸುವ ಕ್ರಮವೊಂದು ಬಹುಕಾಲದಿಂದ ಬಳಕೆಯಲ್ಲಿದೆ. ಪ್ರತಿ ಕವಲಿನಲ್ಲಿ ಮುಂದಾಳುವಿನ ಬೆನ್ನ ಹಿಂದೆಯೇ ಇರುವ ಸವಾರ ನಿಂತು ಬರುವವರಿಗೆಲ್ಲ ದಾರಿ ತೋರಿಸುತ್ತಾನೆ, ಸ್ವೀಪ್ ಬರುವುದು ಕಂಡೊಡನೆ ಅದರ ಮುಂದೆ ಸೇರಿಕೊಳ್ಳುತ್ತಾನೆ. ಮುಂದಿನ ಕವಲಿನಲ್ಲಿ ಆ ಕೆಲಸ ಇನ್ನೊಬ್ಬರದು. ಯಾರೂ ಯಾರನ್ನೂ ಅಟ್ಟಿಸಿಕೊಂಡು ಹೋಗಬೇಕಾಗಿಲ್ಲ, ಕಳೆದುಹೋಗುವ ಭಯವಿಲ್ಲದ್ದರಿಂದ ಚಿಕ್ಕ ಬೈಕಿನವರು ನಿಜವಾಗಿಯೂ ತಮ್ಮ ವೇಗದಲ್ಲೇ ಬರಬಹುದು. ಅದು ಬೇಡವೆಂದರೆ ಚಿಕ್ಕ ಬೈಕನ್ನು ಲೀಡ್‌ನ, ಅಂದರೆ ಮುಂದಾಳುವಿನ, ಬೆನ್ನಿಗೇ, ಎರಡನೆಯದಾಗಿ ನಿಲ್ಲಿಸಿದರೂ ಸಾಕು, ಇಡೀ ದಿನದ ಗೊಂದಲ ಅರ್ಧಕ್ಕಿಳಿಯುತ್ತದೆ. ಈ ಸಲಹೆಯನ್ನು ಕ್ಲಬ್ಬುಗಳ ಮುಂದಿಟ್ಟಾಗ ಸುರಕ್ಷತೆಯ ಬಗ್ಗೆಯಾಗಲಿ ಸಮಯದ ಬಗ್ಗೆಯಾಗಲಿ ಯಾರೂ ವಾದಿಸುವುದಿಲ್ಲ. ಕೊಂಚ ಹೊತ್ತು ಮೌನವಾಗಿದ್ದು, ಒಬ್ಬರನ್ನೊಬ್ಬರು ನೋಡಿಕೊಂಡು, ಕೊನೆಗೆ ಯಾರಾದರೊಬ್ಬರು ನಿಜವಾದ ಅಡಚಣೆಯನ್ನು ಹೊರಗೆಡವುತ್ತಾರೆ: ಲೀಡ್ ಸವಾರರ ಹಿಂಬದಿಯ ಕ್ಯಾಮೆರಾದಲ್ಲಿ ಇಡೀ ದಿನ ಆ ಪುಟ್ಟ ಬೈಕೇ ಕಾಣಿಸುತ್ತದಲ್ಲ!