ಸ್ಪಷ್ಟನೆ: ಮಳೆಯಲ್ಲಿ ಹಳೇ ಬುಲೆಟ್ ನಿಂತರೆ ಕಾಯಿಲ್ ಸುಟ್ಟಿದೆ ಎಂದಲ್ಲ

‘ಮಳೆಯಲ್ಲಿ ಹಳೇ ಬುಲೆಟ್ ಸ್ಟಾರ್ಟ್ ಆಗದಿದ್ದರೆ ಕಾಯಿಲ್ ಸುಟ್ಟಿದೆ, ನಾನಾ ಪೇಟೆಗೆ ಹೋಗಿ ಹೊಸದು ತನ್ನಿ’ ಎಂಬ ಸಂದೇಶ ಪುಣೆ ಕನ್ನಡಿಗರ ವಾಟ್ಸಾಪ್‌ಗಳಲ್ಲಿ ಓಡಾಡುತ್ತಿದೆ. ಇದು ಸರಿಯಲ್ಲ. (ಕಾಯಿಲ್ ಅಂದರೆ ಪ್ಲಗ್‌ನ ಕಿಡಿಗೆ ಬೇಕಾದ ಹೈ ವೋಲ್ಟೇಜ್ ಕೊಡುವ ಭಾಗ.) ದುಡ್ಡು ಕೊಡುವ ಮೊದಲು ದಯವಿಟ್ಟು ಆಂಪ್ ಮೀಟರ್ (ಬ್ಯಾಟರಿಯ ಕರೆಂಟ್ ತೋರಿಸುವ ಮುಳ್ಳಿನ ಮೀಟರ್) ನೋಡಿ.

ಲೈಟ್ ಆರಿಸಿ, ಕೀ ಆನ್ ಮಾಡಿ, ಡಿಕಂಪ್ರೆಸರ್ (ಎಂಜಿನ್ ಒಳಗಿನ ಒತ್ತಡ ಬಿಡುವ ಲಿವರ್) ಹಿಡಿದು ಕಿಕ್ಕರ್ ನಿಧಾನ ಒತ್ತಿ. ಪಾಯಿಂಟ್ (ಎಂಜಿನ್ ತಿರುಗಿದಂತೆ ಕಾಯಿಲ್‌ನ ಕರೆಂಟನ್ನು ಕೂಡಿಸಿ ಬಿಡಿಸುವ ಸ್ವಿಚ್) ಕೂಡಿದಾಗ ಮುಳ್ಳು ಮೈನಸ್ ಕಡೆ ವಾಲಬೇಕು, ಬಿಟ್ಟಾಗ ಸೊನ್ನೆಗೆ ಮರಳಬೇಕು. ಸೊನ್ನೆಯಲ್ಲೇ ಕೂತರೆ ಕರೆಂಟ್ ಹರಿಯುತ್ತಿಲ್ಲ: ಫ್ಯೂಸ್, ಬ್ಯಾಟರಿ ಟರ್ಮಿನಲ್, ಕೀ ಸ್ವಿಚ್, ಪಾಯಿಂಟ್ ಮೇಲಿನ ತೇವ ಅಥವಾ ಕೊಳೆ. ಕಾಯಿಲ್ ಒಳಗಿನ ತಂತಿ ಕಡಿದರೂ ಹೀಗಾಗುತ್ತದೆ, ಆದರೆ ಅದನ್ನು ಕೊನೆಗೆ ನೋಡಿ. ಮುಳ್ಳು ಮೈನಸ್‌ನಲ್ಲೇ ನಿಂತರೆ ಪಾಯಿಂಟ್ ಬಿಡುತ್ತಿಲ್ಲ, ಅದು ಪೂರ್ತಿ ತೆರೆದಾಗ ಗ್ಯಾಪ್ 0.35ರಿಂದ 0.40 ಮಿ.ಮೀ. ಇರಲಿ. ಮುಳ್ಳು ಆಡುತ್ತಿದ್ದು, ಪಾಯಿಂಟ್‌ನಲ್ಲಿ ಕಿಡಿ ಜೋರಾಗಿ ಪ್ಲಗ್‌ನಲ್ಲಿ ಕ್ಷೀಣವಾಗಿದ್ದರೆ ಮೊದಲ ಅನುಮಾನ ಕಂಡೆನ್ಸರ್ (ಪಾಯಿಂಟ್‌ನಲ್ಲಿ ಕಿಡಿ ಹಾರದಂತೆ ತಡೆಯುವ ಭಾಗ) ಮೇಲೆ. ಕಾಯಿಲ್‌ಗಿಂತ ಎಷ್ಟೋ ಅಗ್ಗದ ಸಾಮಾನು ಅದು.

ಕಾಯಿಲ್ ಸುಡುವುದೂ ಉಂಟು: ಎಂಜಿನ್ ನಿಂತ ಮೇಲೂ ಕೀ ಆನ್ ಇದ್ದು, ಪಾಯಿಂಟ್ ಕೂಡಿಕೊಂಡಿದ್ದರೆ ಅದು ಬಿಸಿಯಾಗುತ್ತಲೇ ಇರುತ್ತದೆ. ಸಿಂಹಗಡದಲ್ಲಿ ಕಾಂದಾ ಭಜಿಗೆ ನಿಲ್ಲಿಸಿದಾಗಲೂ ಕೀ ತೆಗೆಯಿರಿ.

ಪಾಯಿಂಟ್ ಇಲ್ಲದ ಎಲೆಕ್ಟ್ರಾನಿಕ್ ಇಗ್ನಿಷನ್ ಗಾಡಿಗಳಿಗೆ ಈ ಪರೀಕ್ಷೆ ಹೊಂದುವುದಿಲ್ಲ.