ನೆಲಕ್ಕೆ ಕಟ್ಟಿದ ಬೆಲೆ: ಪಶ್ಚಿಮ ಶೊಶೋನಿಗಳಿಗೆ ಪರಿಹಾರದ ಹಣ ಹಂಚಿದ್ದು ಸರಿಯೇ?

ಪರ

ಅಮೆರಿಕದ ನೆವಾಡಾ ಮತ್ತು ಅದರ ನೆರೆಯ ಪ್ರದೇಶಗಳಲ್ಲಿ ನೆಲೆಸಿದ್ದ ಮೂಲನಿವಾಸಿ ಬುಡಕಟ್ಟಿನವರಾದ ಪಶ್ಚಿಮ ಶೊಶೋನಿಗಳು ಕಳೆದುಕೊಂಡ ಸುಮಾರು 2.4 ಕೋಟಿ ಎಕರೆಗೆ, ಅಮೆರಿಕದ ಮೂಲನಿವಾಸಿಗಳ ನೆಲದ ದಾವೆಗಳನ್ನು ತೀರ್ಮಾನಿಸುತ್ತಿದ್ದ ಸರ್ಕಾರಿ ಆಯೋಗವಾದ ಇಂಡಿಯನ್ ಕ್ಲೇಮ್ಸ್ ಕಮಿಷನ್ 1970ರ ದಶಕದಲ್ಲಿ ಗೊತ್ತುಮಾಡಿದ ಪರಿಹಾರ ಸುಮಾರು 2.6 ಕೋಟಿ ಡಾಲರ್, ಅಂದರೆ ಎಕರೆಗೆ ಒಂದು ಡಾಲರಿಗಿಂತ ತುಸು ಹೆಚ್ಚು. ಈ ಬೆಲೆ ನ್ಯಾಯವಾದದ್ದೆಂದು ಯಾರೂ ಸಾಧಿಸಲಾರರು. ಆದರೆ 1979ರಲ್ಲಿ ಖಜಾನೆಗೆ ಜಮೆಯಾದ ಹಣವನ್ನು ಶೊಶೋನಿಗಳು ಮುಟ್ಟದೆ ಬಿಟ್ಟದ್ದರಿಂದ ನೆಲವೇನೂ ಮರಳಿ ಬರಲಿಲ್ಲ. ಹಣ ಜಮೆಯಾದಾಗಲೇ ಪಾವತಿ ಆದಂತೆ ಎಂದು ಸುಪ್ರೀಂ ಕೋರ್ಟ್ 1985ರಲ್ಲಿ ಹೇಳಿಬಿಟ್ಟಿತು. ಬಡ್ಡಿ ಬೆಳೆದು ಮೊತ್ತ 14 ಕೋಟಿ ಡಾಲರ್ ದಾಟುವಷ್ಟರಲ್ಲಿ ಅದಕ್ಕೆ ಹಕ್ಕುದಾರರಾಗಿದ್ದ ಅನೇಕ ಹಿರಿಯರು ಕಾಸೂ ಕಾಣದೆ ಕಣ್ಮುಚ್ಚಿದ್ದರು. 2002ರ ಮತಸಂಗ್ರಹದಲ್ಲಿ ಮತ ಹಾಕಿದವರ ಪೈಕಿ ಬಹುದೊಡ್ಡ ಪಾಲು ಹಂಚಿಕೆಯನ್ನೇ ಬಯಸಿತ್ತು. ಪಾಲು ಪಡೆದ ಮಾತ್ರಕ್ಕೆ 1863ರಲ್ಲಿ ಅಮೆರಿಕ ಸರ್ಕಾರದೊಡನೆ ಮಾಡಿಕೊಂಡ ರೂಬಿ ಕಣಿವೆ ಒಪ್ಪಂದದ ಹಕ್ಕುಗಳನ್ನು ಬಿಟ್ಟುಕೊಟ್ಟಂತಾಗದು ಎಂದು 2004ರ ಹಂಚಿಕೆ ಕಾಯಿದೆಯೇ ಸ್ಪಷ್ಟವಾಗಿ ಹೇಳುತ್ತದೆ.

ಹಳೆಯ ಬದುಕು ಉಳಿದಿದ್ದರೆ ಮಾತು ಬೇರೆ ಇತ್ತು. 1870ರ ದಶಕದಲ್ಲಿ ನೆವಾಡಾದ ಯುರೇಕಾದ ಬೆಳ್ಳಿ ಕುಲುಮೆಗಳಿಗೆ ಇದ್ದಿಲು ಒದಗಿಸಲು, ಜನ ಬೀಜಕ್ಕಾಗಿ ನೆಚ್ಚಿದ್ದ ಸುತ್ತಲ ಗುಡ್ಡಗಳ ಪಿನ್ಯಾನ್ ಪೈನ್ ಮರಗಳನ್ನು ಕಡಿದು ಬೋಳು ಮಾಡಲಾಯಿತು. ಕಾಳಿಗಾಗಿ ಜನ ನೆಚ್ಚಿದ್ದ ಹುಲ್ಲನ್ನು ವಲಸಿಗರ ದನಗಳು ಮೇಯ್ದವು. ಆ ಬದುಕಿಗೆ ಮರಳುವ ದಾರಿ ಮುಚ್ಚಿದ ಮೇಲೆ, ಪುಟ್ಟ ಕಾಲೊನಿಗಳಲ್ಲಿ ಬಡತನದಲ್ಲಿ ದಿನ ದೂಡುವವರಿಗೆ ಹಣ ಬೇಡವೆಂದು ಹೇಳುವ ಅಧಿಕಾರ ಯಾರಿಗಿದೆ?

ವಿರೋಧ

ನೆಲವನ್ನು ಯಾರೂ ಮಾರಿರಲಿಲ್ಲ. ವಿವಾದದ ಬೇರು ಇರುವುದು ಅಲ್ಲೇ. ರೂಬಿ ಕಣಿವೆಯ ಒಪ್ಪಂದ ಶಾಂತಿ ಮತ್ತು ಸ್ನೇಹದ್ದು. ಪ್ರಯಾಣಿಕರಿಗೆ ದಾರಿ, ತಂತಿ, ರೈಲು, ಗಣಿ ಇವಕ್ಕೆ ಅದು ಅವಕಾಶ ಕೊಟ್ಟಿತೇ ಹೊರತು ನೆಲವನ್ನು ಬಿಟ್ಟುಕೊಟ್ಟೆವೆಂಬ ಮಾತು ಅದರಲ್ಲಿಲ್ಲ. ವರ್ಷಕ್ಕೆ 5,000 ಡಾಲರಿನಂತೆ 20 ವರ್ಷ ಸರಕು ಕೊಡಲು ಒಪ್ಪಿದ್ದು ಕೂಡ ಬೇಟೆಯ ಪ್ರಾಣಿಗಳು ನಾಶವಾದದ್ದಕ್ಕೆ. ಹೀಗಿದ್ದೂ ವಲಸಿಗರ ‘ಕ್ರಮೇಣದ ಅತಿಕ್ರಮಣ’ದಿಂದ ಹಕ್ಕು ಅಳಿಯಿತೆಂದು ಕಮಿಷನ್ ತೀರ್ಮಾನಿಸಿತು, ಬೆಲೆಕಟ್ಟುವ ದಿನ 1872ರ ಜುಲೈ 1 ಎಂಬುದನ್ನು ಎರಡೂ ಕಡೆಯ ವಕೀಲರು ತಮ್ಮತಮ್ಮಲ್ಲೇ ಮಾತಾಡಿ ಗೊತ್ತುಮಾಡಿಕೊಂಡರು. ಅತಿಕ್ರಮಿಸಿದರೆ ಒಡೆತನ ಬರುವುದಾದರೆ ಒಪ್ಪಂದ ಬರೆದದ್ದಾದರೂ ಏಕೆ? ಇನ್ನು 1985ರ ‘ಪಾವತಿ’: ಕೊಟ್ಟದ್ದು ಸರ್ಕಾರ, ಬುಡಕಟ್ಟಿನ ಪರವಾಗಿ ಪಡೆದುಕೊಂಡದ್ದೂ ಪೋಷಕನ ಹೆಸರಿನಲ್ಲಿ ಅದೇ ಸರ್ಕಾರ.

ಆ ನೆಲ ಖಾಲಿ ಬಿದ್ದಂತೆ ಕಂಡದ್ದಕ್ಕೆ ಕಾರಣವಿದೆ. ಪಿನ್ಯಾನ್ ಕಾಯಿ ಬಲಿಯಲು ಎರಡು ಬೇಸಿಗೆ ಬೇಕು, ಒಂದೇ ಗುಡ್ಡದಲ್ಲಿ ಪ್ರತಿವರ್ಷ ಒಳ್ಳೆಯ ಫಸಲು ಬರದು. ಆದ್ದರಿಂದ ತಮ್ಮನ್ನು ‘ನೇವೆ’ ಎಂದು ಕರೆದುಕೊಳ್ಳುವ ಈ ಜನ ಸಣ್ಣ ಸಣ್ಣ ಕುಟುಂಬ ಗುಂಪುಗಳಾಗಿ ಫಸಲಿದ್ದ ಕಡೆಗೆ ನಡೆದರು. ಶರತ್ಕಾಲದಲ್ಲಿ ಉದ್ದ ಕೋಲಿನಿಂದ ಕಾಯಿ ಉದುರಿಸಿ, ವಿಲೋ ಕಡ್ಡಿಯಲ್ಲಿ ಹೆಣೆದ ಮೊರದೊಳಗೆ ಬೀಜವನ್ನು ಕೆಂಡದ ಜೊತೆ ಹಾಕಿ, ಮೊರ ಸುಡದಂತೆ ಕೈ ಬಿಡದೆ ಕುಲುಕುತ್ತ ಹುರಿಯುತ್ತಿದ್ದರು. ಆಮೇಲೆ ಸಿಪ್ಪೆ ಒಡೆದು, ಕೇರಿ, ಕಲ್ಲಿನಲ್ಲಿ ಅರೆದರೆ ಚಳಿಗಾಲದ ಗಂಜಿಗೆ ಹಿಟ್ಟು ಸಿದ್ಧ. (ನಮ್ಮಲ್ಲಿ ಕೇರುವುದನ್ನು ಬಲ್ಲವರಿಗೆ ಆ ಮೊರದ ಆಟ ತಟ್ಟನೆ ಹೊಳೆದೀತು.) ಇಂಥ ಗುಡ್ಡ ಫಸಲಿಲ್ಲದ ವರ್ಷ ಬರಿದಾಗಿ ಕಾಣುತ್ತದೆ, ಆದರೆ ಅದು ಮುಂದಿನ ವರ್ಷದ ಕಣಜ. ಎಕರೆಯ ಲೆಕ್ಕಕ್ಕೆ ಇದು ದಕ್ಕಲಿಲ್ಲ. ಇಪ್ಪತ್ತನೇ ಶತಮಾನದ ಮಧ್ಯದಲ್ಲೂ ಸರ್ಕಾರ ಎರಡು ಟ್ರ್ಯಾಕ್ಟರುಗಳ ನಡುವೆ ಹಡಗಿನ ಲಂಗರು ಸರಪಳಿ ಕಟ್ಟಿ ಎಳೆದು, ದನಗಳಿಗೆ ಮೇವಿನ ಹುಲ್ಲು ಬೆಳೆಸಲೆಂದು ಇದೇ ಮರಗಳನ್ನು ಬುಡಸಹಿತ ಕಿತ್ತಿತು. ಹಳೆಯ ಬದುಕು ತಾನಾಗಿ ಸಾಯಲಿಲ್ಲ ಎಂಬುದನ್ನು ಪರವಾದಿಗಳು ಮರೆಯುತ್ತಾರೆ. 1951ರಿಂದ ಅಣುಬಾಂಬ್ ಪರೀಕ್ಷೆಗಳು ನಡೆದ ಜಾಗವೂ ಈ ನೆಲದ್ದೇ.

ಕ್ರೆಸೆಂಟ್ ಕಣಿವೆಯ ಮೇರಿ ಮತ್ತು ಕ್ಯಾರಿ ಡ್ಯಾನ್ ಎಂಬ ಪಶ್ಚಿಮ ಶೊಶೋನಿ ಸಹೋದರಿಯರು ತಮ್ಮ ದನಗಳನ್ನು ಅಲ್ಲೇ ಮೇಯಿಸುತ್ತಿದ್ದರು. ಪರವಾನಗಿ ಇಲ್ಲದ ಅತಿಕ್ರಮಣವೆಂದು ಸರ್ಕಾರ 1974ರಲ್ಲಿ ಅವರ ಮೇಲೆ ದಾವೆ ಹೂಡಿತು. ಆಸ್ತಿ ಹಕ್ಕಿನ ವಿಷಯದಲ್ಲಿ ಅವರಿಗೆ ಸಮಾನ ನ್ಯಾಯ ಸಿಗಲಿಲ್ಲವೆಂದು ಅಂತರ-ಅಮೆರಿಕ ಮಾನವ ಹಕ್ಕುಗಳ ಆಯೋಗ 2002ರಲ್ಲಿ ಹೇಳಿತು. ಅದೇ ವರ್ಷ ಸರ್ಕಾರದವರು ಬಂದು ಅವರ ದನಗಳನ್ನು ಹೊಡೆದುಕೊಂಡು ಹೋದರು. ಮೇರಿ 2005ರಲ್ಲಿ ತೀರಿಕೊಂಡಾಗಲೂ ಪರಿಹಾರದ ಹಣ ಖಜಾನೆಯಲ್ಲೇ ಇತ್ತು.