ಶುಕ್ರವಾರದ ಮೀನು, ಯಾರದೋ ತ್ಯಾಗ

ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ತಪಸ್ಸುಕಾಲದ ಶುಕ್ರವಾರಗಳಲ್ಲಿ ಕಥೋಲಿಕರಾದ ನಾವು ಮಾಂಸ ತಿನ್ನುವುದಿಲ್ಲ. ಆದರೆ ಧರ್ಮಸಭೆಯ ನಿಯಮದಲ್ಲಿ ಮೀನು ಮಾಂಸದ ಲೆಕ್ಕಕ್ಕೆ ಬರುವುದಿಲ್ಲ. ಸಮುದ್ರದಿಂದ ದೂರವಿರುವ ಊರುಗಳಲ್ಲಿ ಈ ನಿಯಮಕ್ಕೆ ಅರ್ಥವಿರಬಹುದು. ಕಾರವಾರದಲ್ಲಿ ಹುಟ್ಟಿ ಬೆಳೆದವನು ಕೋಳಿ ಬಿಟ್ಟು ಇಸ್ವಾಣ ಮೀನಿನ ತುಂಡು ಹುರಿದುಕೊಂಡು ತಿಂದು, ಅದನ್ನು ವ್ರತವೆಂದು ಕರೆಯಲು ನಾಚಿಕೊಳ್ಳಬೇಕು. ನನಗಂತೂ ನಾಚಿಕೆಯಾಗುತ್ತಿತ್ತು.

ಅದಕ್ಕೇ ಈ ವರ್ಷ ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ, ಹಳೆಯ ತಾಳೆಗರಿಗಳನ್ನು ಸುಟ್ಟ ಬೂದಿಯನ್ನು ಹಣೆಗೆ ಹಚ್ಚಿಸಿಕೊಂಡು ಬಂದವನೇ, ಪಾಸ್ಕ, ಅಂದರೆ ಈಸ್ಟರ್‌ವರೆಗೆ ಮೀನು ಮುಟ್ಟುವುದಿಲ್ಲವೆಂದು ಮನೆಯಲ್ಲಿ ಸಾರಿಬಿಟ್ಟೆ. (ಸಾರಬಾರದಿತ್ತು. ಉಪವಾಸವಿರುವವರು ಅದು ಯಾರಿಗೂ ಕಾಣದಂತೆ ತಲೆಗೆ ಎಣ್ಣೆ ಹಚ್ಚಿ ಮುಖ ತೊಳೆದುಕೊಳ್ಳಬೇಕೆಂಬ ಬೈಬಲಿನ ಮತ್ತಾಯನ ಶುಭಸಂದೇಶದ ಭಾಗವನ್ನು ಅದೇ ದಿನ ಚರ್ಚಿನ ಬಲಿಪೂಜೆಯಲ್ಲಿ ಓದಿದ್ದರು.)

ಎರಡನೆಯ ವಾರ ನಮ್ಮ ಮನೆಗೆ ವರ್ಷಗಳಿಂದ ಮೀನು ತರುವ ಅಕ್ಕ ಅಂಗಳದಲ್ಲಿ ಬುಟ್ಟಿ ಇಳಿಸಿ, ಮೇಲೆ ಹೊದಿಸಿದ್ದ ಒದ್ದೆ ಗೋಣಿಯನ್ನು ಸರಿಸಿದರು. ಬಂಗಡೆಗಳ ಬೆನ್ನ ಮೇಲಿನ ಹಸಿರು ಗೆರೆಗಳು ಇನ್ನೂ ಮಾಸಿರಲಿಲ್ಲ. ನನ್ನ ವ್ರತದ ವಿಷಯ ಕೇಳಿ ಅವರು ಗೋಣಿಯನ್ನು ಮತ್ತೆ ಮುಚ್ಚುತ್ತ ಕೊಂಕಣಿಯಲ್ಲಿ ಒಂದೇ ಮಾತು ಹೇಳಿದರು: ನೀವು ವ್ರತ ಹಿಡಿದರೆ ಉಪವಾಸ ನನಗೆ. ಅದರಲ್ಲಿ ಕೊಂಕು ಇರಲಿಲ್ಲ, ಲೆಕ್ಕವಿತ್ತು.

ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಆ ಲೆಕ್ಕ ಹೊಸದಲ್ಲ. ಕಾಳಿ ನದಿಗೆ ಕದ್ರಾ, ಕೊಡಸಳ್ಳಿ ಅಣೆಕಟ್ಟುಗಳು ಬಂದವು, ಕೈಗಾ ಅಣು ವಿದ್ಯುತ್ ಸ್ಥಾವರ ಬಂತು, 1986ರಲ್ಲಿ ಅಡಿಗಲ್ಲು ಕಂಡ ಸೀಬರ್ಡ್ ನೌಕಾನೆಲೆಗಾಗಿ ಕರಾವಳಿಯ ಮೀನುಗಾರರೂ ರೈತರೂ ಮನೆ, ಗದ್ದೆ, ದೋಣಿ ಎಳೆಯುವ ದಂಡೆಗಳನ್ನು ಬಿಟ್ಟು ಪುನರ್ವಸತಿ ಕಾಲೊನಿಗಳಿಗೆ ಹೋದರು. ಪರಿಹಾರಕ್ಕಾಗಿ ಎಷ್ಟೋ ಮಂದಿ ವರ್ಷಗಟ್ಟಲೆ ಕೋರ್ಟು ಅಲೆದರು. ಆ ಯೋಜನೆಗಳು ದೇಶಕ್ಕೆ ಬೇಡವಾಗಿದ್ದವೆಂದು ನಾನು ವಾದಿಸುತ್ತಿಲ್ಲ. ವೇದಿಕೆಯ ಮೇಲೆ ನಿಂತವರು ಇದನ್ನೆಲ್ಲ ‘ಉತ್ತರ ಕನ್ನಡದ ಜನರ ತ್ಯಾಗ’ ಎನ್ನುವಾಗ ಮಾತ್ರ ನನಗೆ ಯೊವಾನ್ನನ ಶುಭಸಂದೇಶದ ಹತ್ತನೆಯ ಅಧ್ಯಾಯ ನೆನಪಾಗುತ್ತದೆ. ತಮ್ಮ ಪ್ರಾಣವನ್ನು ಯಾರೂ ಕಸಿದುಕೊಳ್ಳುತ್ತಿಲ್ಲ, ತಾವಾಗಿಯೇ ಅದನ್ನು ಕೊಡುತ್ತಿದ್ದೇವೆ ಎಂದು ಯೇಸು ಅಲ್ಲಿ ಹೇಳುತ್ತಾರೆ. ಕೊಟ್ಟದ್ದಕ್ಕೆ ತ್ಯಾಗವೆನ್ನಬಹುದು, ಕೇಳದೆ ತೆಗೆದುಕೊಂಡದ್ದಕ್ಕೆ ಬೇರೆ ಹೆಸರಿದೆ. ನನ್ನ ನಲವತ್ತು ದಿನಗಳ ಸಾಧನೆಯನ್ನೂ ಅದೇ ತಕ್ಕಡಿಗೆ ಹಾಕಿದಾಗ ಪುಣ್ಯ ನನ್ನ ಪಾಲಿಗೂ ನಷ್ಟ ಆ ಅಕ್ಕನ ಪಾಲಿಗೂ ಬಂದಿರುವುದು ಕಂಡಿತು.

ಹಾಗಾಗಿ ವ್ರತವನ್ನು ಬದಲಿಸಿದೆ. ಮೀನು ಬಿಡುವ ಬದಲು ಚೌಕಾಶಿ ಬಿಟ್ಟೆ. ಓದುವವರಿಗೆ ಇದು ತಮಾಷೆಯಾಗಿ ಕಾಣಬಹುದು, ಆದರೆ ಅಕ್ಕ ಹೇಳಿದ ದರಕ್ಕೆ ಬಾಯಿ ಮುಚ್ಚಿಕೊಂಡು ಹಣ ಎಣಿಸುವುದು ಕಾರವಾರದವನಿಗೆ ಎಷ್ಟು ಕಷ್ಟವೆಂಬುದನ್ನು ಕಾರವಾರದವರೇ ಬಲ್ಲರು. ಮೊದಲ ದಿನ ಅವರಿಗೇ ಅನುಮಾನ ಬಂದು, ಮೈಗೆ ಹುಷಾರಿಲ್ಲವೇ ಎಂದು ವಿಚಾರಿಸಿದರು.

ಪಾಸ್ಕ ಜಾಗರಣೆಯ ರಾತ್ರಿ ಚರ್ಚಿನ ಹೊರಗೆ ಬೆಂಕಿ ಹೊತ್ತಿಸಿ, ಆ ವರ್ಷದ ಅಂಕಿಗಳನ್ನು ಕೆತ್ತಿದ ದೊಡ್ಡ ಮೇಣದ ಬತ್ತಿಗೆ ಐದು ಧೂಪದ ಕಾಳುಗಳನ್ನು ಶಿಲುಬೆಯಾಕಾರದಲ್ಲಿ ಚುಚ್ಚುತ್ತಾರೆ. ಅವು ಶಿಲುಬೆಯಲ್ಲಿ ಯೇಸುವಿಗಾದ ಐದು ಗಾಯಗಳು. ಪುನರುತ್ಥಾನವಾದ ಮೇಲೂ ಆ ಗಾಯಗಳು ಮಾಯಲಿಲ್ಲ, ಶಿಷ್ಯ ತೋಮನಿಗೆ ತೋರಿಸಲು ಉಳಿದೇ ಇದ್ದವು. ಕಳೆದುಕೊಂಡದ್ದನ್ನು ಕಳೆದುಕೊಂಡೇ ಇಲ್ಲವೆಂದು ನಟಿಸುವ ಭರವಸೆಯಲ್ಲಿ ನನಗೆ ನಂಬಿಕೆಯಿಲ್ಲದಿರುವುದಕ್ಕೆ ಈ ಐದು ಕಾಳುಗಳೇ ಕಾರಣ. ಮುಳುಗಿದ ಗದ್ದೆ ಮೇಲೆ ಬರುವುದಿಲ್ಲ. ಆದರೂ ಬೆಳಗಾದರೆ ಯಾರೋ ದೋಣಿ ನೀರಿಗಿಳಿಸುತ್ತಾರೆ.

ಪಾಸ್ಕದ ಮರುದಿನ ಅಕ್ಕ ಬಂದಾಗ ಯೊವಾನ್ನನ ಕೊನೆಯ ಅಧ್ಯಾಯದ ಕಥೆ ಹೇಳಿದೆ. ರಾತ್ರಿಯಿಡೀ ಬಲೆ ಬೀಸಿದರೂ ಶಿಷ್ಯರಿಗೆ ಒಂದು ಮೀನೂ ಸಿಗದಿದ್ದುದು, ದಂಡೆಯಲ್ಲಿ ನಿಂತ ಯೇಸು ದೋಣಿಯ ಬಲಕ್ಕೆ ಬೀಸಿರೆಂದದ್ದು, 153 ದೊಡ್ಡ ಮೀನು ಬಿದ್ದರೂ ಬಲೆ ಹರಿಯದಿದ್ದುದು, ದಡಕ್ಕೆ ಬಂದರೆ ಕೆಂಡದ ಮೇಲೆ ಆಗಲೇ ಮೀನು ಬೇಯುತ್ತಿದ್ದರೂ ನಿಮ್ಮದರಲ್ಲೂ ಕೆಲವು ತನ್ನಿ ಎಂದು ಯೇಸು ಕೇಳಿದ್ದು, ಎಲ್ಲವನ್ನೂ ಅವರು ತದೇಕಚಿತ್ತದಿಂದ ಕೇಳಿದರು. ಬಲೆ ಹರಿಯದಿದ್ದುದನ್ನು ಮಾತ್ರ ಪೂರ್ತಿ ನಂಬಿದಂತೆ ಕಾಣಲಿಲ್ಲ. 153 ಎಂದು ಎಣಿಸಿಟ್ಟವರು ಮೀನಿನ ಕಸುಬಿನವರೇ ಇರಬೇಕು ಎಂದರು. ಆಮೇಲೆ ಬುಟ್ಟಿಯ ಗೋಣಿ ಸರಿಸಿ, ನಿಮ್ಮ ವ್ರತ ಮುಗಿಯಿತಲ್ಲ, ಇವತ್ತು ದರ ಕೇಳುತ್ತೀರೋ ಹಾಗೇ ಕೊಡುತ್ತೀರೋ ಎಂದರು.